ಬದುಕಿದ್ದವನ ಫೋಟೋಗೆ ಹಾರ

"ತಂಡದ ಉತ್ಸಾಹ ಕಾಪಾಡಿ" ಎಂಬ ಸಂದೇಶ ಬೇಗಂಪೇಟೆಯ ನಮ್ಮ ಪ್ರಧಾನ ಕಚೇರಿಯಿಂದ ಪ್ರತಿ ಸೋಮವಾರ ಬೆಳಿಗ್ಗೆ ಬರುತ್ತಿತ್ತು. ಜೊತೆಗೆ ಸೂರ್ಯೋದಯದ ಚಿತ್ರ, ಅದರ ಮೇಲೆ ಯಾರೂ ಎಂದೂ ಹೇಳಿರಲಾರದ ಒಂದು ನುಡಿಮುತ್ತು. ಕಳಿಸುತ್ತಿದ್ದವರು ಮಾನವ ಸಂಪನ್ಮೂಲ ವಿಭಾಗದ ಮೇಡಂ. ಉತ್ಸಾಹವೆಂದರೆ ಟ್ಯಾಂಕಿನಲ್ಲಿ ತುಂಬಿಟ್ಟ ನೀರು, ಸೋರದಂತೆ ನೋಡಿಕೊಂಡರೆ ಸಾಕು ಎಂದು ಅವರು ತಿಳಿದಂತಿತ್ತು. ಆ ಟ್ಯಾಂಕನ್ನು ಯಾರು ಯಾವಾಗ ತುಂಬಿದ್ದರು ಎಂದು ನಾನು ಒಮ್ಮೆ ಕೇಳಿದೆ. ಉತ್ತರವಾಗಿ ಇನ್ನೊಂದು ಸೂರ್ಯೋದಯ ಬಂತು.

ನಾವಿದ್ದದ್ದು ಪಟಾನ್‌ಚೆರುವಿನ ಒಂದು ಔಷಧ ಕಾರ್ಖಾನೆಯಲ್ಲಿ. ಮಾತ್ರೆ ತಯಾರಿಸಲು ಬೇಕಾದ ಶುದ್ಧ ನೀರಿನ ಪೈಪ್‌ಲೈನ್ ಹಾಕುವ ಗುತ್ತಿಗೆ ನಮ್ಮದು, ಸೈಟಿನ ಇಂಜಿನಿಯರ್ ನಾನು. ಮಳೆಗಾಲಕ್ಕೆ ಮುಂಚೆ ಮುಗಿಯಬೇಕಿದ್ದ ಕೆಲಸ ಮಳೆಗಾಲವನ್ನೂ ದಾಟಿತ್ತು. ನೀರು ಟ್ಯಾಂಕಿನಿಂದ ಹೊರಟು, ಇಡೀ ಕಟ್ಟಡವನ್ನು ಸುತ್ತಿ, ಮತ್ತೆ ಟ್ಯಾಂಕಿಗೇ ಬರಬೇಕು. ಎಲ್ಲಿಯೂ ನಿಲ್ಲಬಾರದು. ನಿಂತಲ್ಲಿ ಸೂಕ್ಷ್ಮಜೀವಿಗಳು ಸಂಸಾರ ಹೂಡುತ್ತವೆ. ಸ್ಟೀಲ್ ಪೈಪುಗಳನ್ನು ವೆಲ್ಡ್ ಮಾಡುವಾಗ ಒಳಗೆ ಆರ್ಗಾನ್ ಅನಿಲ ಹರಿಸಿ ಗಾಳಿಯನ್ನೆಲ್ಲ ಹೊರಹಾಕಿರಬೇಕು. ಸ್ವಲ್ಪ ಗಾಳಿ ಉಳಿದರೂ ಜಾಯಿಂಟಿನ ಒಳಮೈ ಸುಟ್ಟ ಹೆಂಚಿನಂತೆ ಕಪ್ಪಾಗುತ್ತದೆ. ಹೊರಗೆ ಮಾತ್ರ ಬೆಳ್ಳಿಯಂತೆ ಹೊಳೆಯುತ್ತಿರುತ್ತದೆ. ಆದ್ದರಿಂದ ಕಾರ್ಖಾನೆಯ ಗುಣಮಟ್ಟದ ಅಧಿಕಾರಿ ಉದ್ದ ತಂತಿಯ ತುದಿಗಿರುವ ಸಣ್ಣ ಕ್ಯಾಮೆರಾವನ್ನು ಪೈಪಿನೊಳಗೆ ತೂರಿಸಿ ಪ್ರತಿ ಜಾಯಿಂಟನ್ನೂ ನೋಡುತ್ತಿದ್ದ. ಕಪ್ಪು ಕಂಡರೆ ಕೆಂಪು ಮಾರ್ಕರಿನಿಂದ ಅಡ್ಡಗೆರೆ. ಅಂದರೆ ಕತ್ತರಿಸು, ಮತ್ತೆ ಮಾಡು. ಗೆರೆ ಎಳೆಯುವಾಗ ಅವನ ಮುಖದಲ್ಲಿ ಮೂಡುತ್ತಿದ್ದ ತೃಪ್ತಿಯನ್ನು ನಾನು ಬೇರೆಲ್ಲೂ ಕಂಡಿಲ್ಲ.

ನಮ್ಮ ಹುಡುಗರಲ್ಲಿ ಹೆಚ್ಚಿನವರು ಬೀದರ್ ಜಿಲ್ಲೆಯವರು, ಇಬ್ಬರು ಕಲಬುರಗಿ ಕಡೆಯವರು. ಬೇಗಂಪೇಟೆಗೆ ಎಂದೂ ಅರ್ಥವಾಗದ ಸಂಗತಿ ಒಂದಿತ್ತು: ಬೀದರ್ ಬಸ್ಸು ಕಾರ್ಖಾನೆಯ ಗೇಟಿನ ಮುಂದೆಯೇ ಹಾದುಹೋಗುತ್ತದೆ. ದುಬೈಗೆ ಹೋದವನಿಗೆ ಮನೆ ದೂರವಿದೆ ಎಂಬ ಸಮಾಧಾನವಾದರೂ ಇರುತ್ತದೆ. ಇವರ ಊರಿನ ಹೆಸರು ದಿನವೂ ಸಂಜೆ ಬೋರ್ಡಿನ ಮೇಲೆ ಬರೆಸಿಕೊಂಡು, ಹಾರ್ನ್ ಹೊಡೆಯುತ್ತ ಕಣ್ಣೆದುರು ಹೋಗುತ್ತಿತ್ತು. ಗುಣಮಟ್ಟದವನ ಪರೀಕ್ಷೆಯಲ್ಲಿ ಪಾಸಾದ ವೆಲ್ಡರುಗಳು ನಮ್ಮಲ್ಲಿ ಇಬ್ಬರಿದ್ದರು. ಅವರಲ್ಲಿ ಒಬ್ಬ ಒಂದು ಸಂಜೆ ಊಟದ ಡಬ್ಬಿ ಹಿಡಿದುಕೊಂಡೇ ಆ ಬಸ್ಸು ಹತ್ತಿದ. ಡಬ್ಬಿಯೂ ವಾಪಸು ಬರಲಿಲ್ಲ.

ಉಳಿದವನು ಭಾಲ್ಕಿ ಕಡೆಯ ವೆಲ್ಡರ್. ಮಾತು ಕಡಿಮೆ, ಕೈ ಸ್ಥಿರ. ಅವನು ಹೋದರೆ ಹೊಸಬನನ್ನು ತಂದು, ಪರೀಕ್ಷೆಗೆ ಕೂರಿಸಿ, ಪಾಸು ಮಾಡಿಸುವಷ್ಟರಲ್ಲಿ ಗುತ್ತಿಗೆಯೇ ಬೇರೆಯವರ ಪಾಲಾಗುತ್ತಿತ್ತು. ಇದು ನನಗೂ ಗೊತ್ತಿತ್ತು, ಅವನಿಗೂ ಗೊತ್ತಿತ್ತು. ಬೇಗಂಪೇಟೆಗೂ ಗೊತ್ತಾಯಿತು. ಅವರು ಕಂಡುಕೊಂಡ ಪರಿಹಾರ 'ತಿಂಗಳ ತಾರೆ'. ವೆಲ್ಡರನ ಫೋಟೋವನ್ನು ದೊಡ್ಡದು ಮಾಡಿಸಿ, ಕಪ್ಪು ಫ್ರೇಮು ಹಾಕಿಸಿ, ಕೊರಿಯರಿನಲ್ಲಿ ಕಳಿಸಿದರು. ನಮ್ಮ ಸೈಟ್ ಆಫೀಸು ಎಂದರೆ ತಗಡಿನ ಒಂದು ಕೋಣೆ. ಅಲ್ಲಿ ಖಾಲಿ ಮೊಳೆ ಇದ್ದದ್ದು ಒಂದೇ, ಗಣಪತಿ, ಲಕ್ಷ್ಮಿ, ಸರಸ್ವತಿಯರ ಸಾಲಿನ ಕೊನೆಗೆ. ತಾರೆಯನ್ನು ಅಲ್ಲಿ ತೂಗುಹಾಕಿದೆವು.

ಇದನ್ನು ಬರೆಯುವ ಮೊದಲು ನಮ್ಮ ಫಿಟ್ಟರ್ ಕಾಕಾನಿಗೆ ಫೋನ್ ಮಾಡಿ ವಿಚಾರಿಸಿದೆ. ಹುಮನಾಬಾದಿನ ಹಿರಿಯ ಮನುಷ್ಯ, ತಂಡದ ನಾಲಿಗೆಯೆಲ್ಲ ಅವನೊಬ್ಬನ ಬಾಯಲ್ಲಿತ್ತು. ನನ್ನ ನೆನಪಿನ ಮೇಲೆ ನನಗೆ ಭರವಸೆ ಕಡಿಮೆ. ವಿಶ್ವವಿದ್ಯಾಲಯದಲ್ಲಿ ಎಲ್ಲವನ್ನೂ ಸಂದೇಹಿಸಲು ಕಲಿಸಿದರು, ಅದರ ಉಪಯೋಗ ನನಗಾದದ್ದು ಇಷ್ಟೇ. ಕಾಕಾ ಹೇಳುವುದು ಕೆಲವು ಕಡೆ ನನ್ನದಕ್ಕಿಂತ ಬೇರೆ. ಅಂಥ ಕಡೆ ಎರಡನ್ನೂ ಹೇಳುತ್ತೇನೆ.

ದಸರೆ ಬಂತು. ಹುಡುಗರು ವಾರದ ರಜೆ ಕೇಳಿದರು. ಮೇಡಂ, ವಿಜಯದಶಮಿಗೆ ಒಂದು ದಿನ ಎಂದರು. ಆಯುಧಪೂಜೆಯನ್ನು ಸೈಟಿನಲ್ಲೇ 'ಒಂದು ಕುಟುಂಬದಂತೆ' ಆಚರಿಸಿ, ಮಧ್ಯಾಹ್ನದಿಂದ ಎಂದಿನಂತೆ ಕೆಲಸ ಮಾಡಿ, ಫೋಟೋ ಕಳಿಸಿ ಎಂದೂ ಬರೆದರು. ಸ್ಟೋರಿನ ಉಸ್ತುವಾರಿ ನೋಡುತ್ತಿದ್ದವನು ಮೆದಕ್ ಕಡೆಯ ತೆಲುಗಿನವನು, ಪೂಜೆ ಎಂದರೆ ಮೈಮರೆಯುವ ಆಸಾಮಿ. ಬೆಳಿಗ್ಗೆಯೇ ಬುಟ್ಟಿ ತುಂಬ ಚೆಂಡುಹೂವಿನ ಹಾರ ತಂದ. ವೆಲ್ಡಿಂಗ್ ಮಷೀನಿಗೆ ಒಂದು, ಗ್ರೈಂಡರಿಗೆ ಒಂದು, ಪಂಪಿಗೆ, ಸಿಲಿಂಡರಿಗೆ, ನನ್ನ ಕಂಪ್ಯೂಟರಿಗೆ. ಆಮೇಲೆ ಗೋಡೆಗೆ ಬಂದ. ಗಣಪತಿ, ಲಕ್ಷ್ಮಿ, ಸರಸ್ವತಿ, ವೆಲ್ಡರ್. ಕುಂಕುಮವನ್ನೂ ಇಟ್ಟ, ಕೆಳಗೆ ಊದಿನಕಡ್ಡಿಯನ್ನೂ ಸಿಕ್ಕಿಸಿದ. ಆಮೇಲೆ ಕೇಳಿದ್ದಕ್ಕೆ ಅವನು ಕೊಟ್ಟ ವಿವರಣೆ ಒಂದೇ ಸಾಲಿನದು: "ವರುಸಗಾ ವೇಸುಕುಂಟ ಪೋಯಿನ ಸಾರ್." ಸಾಲಾಗಿ ಹಾಕುತ್ತ ಹೋದೆ, ಅಷ್ಟೇ. ಆ ಕೋಣೆಯಲ್ಲಿ ಅರ್ಧ ಗಂಟೆ ನಿಂತು ಮಂಗಳಾರತಿ ತೆಗೆದುಕೊಂಡ ನಮ್ಮಲ್ಲಿ ಯಾರೂ ಅದನ್ನು ಗಮನಿಸಲಿಲ್ಲ, ಸ್ವತಃ ವೆಲ್ಡರನೂ ಗಮನಿಸಲಿಲ್ಲ. ಹಬ್ಬದ ದಿನ ಹಾರ ಕಂಡರೆ ಕೈ ಮುಗಿಯುವುದಷ್ಟೇ ನಮಗೆ ಗೊತ್ತು, ಹಾರದೊಳಗೆ ಯಾರಿದ್ದಾರೆ ಎಂದು ನೋಡುವ ರೂಢಿಯಿಲ್ಲ.

ಫಿಟ್ಟರ್ ಕಾಕಾ ತನ್ನ ಗ್ರೈಂಡರಿನ ಅಲಂಕಾರಕ್ಕೆ ಮರುಳಾಗಿ ಒಂದು ಫೋಟೋ ತೆಗೆದು ಮೊಬೈಲಿನ ಸ್ಟೇಟಸ್‌ಗೆ ಹಾಕಿದ. ಗ್ರೈಂಡರಿನ ಹಿಂದೆ ಗೋಡೆಯೂ ಬಂದಿತ್ತು. ಆಮೇಲೆ ಎಲ್ಲರೂ ಮೊಬೈಲುಗಳನ್ನು ಗೇಟಿನ ಪೆಟ್ಟಿಗೆಯಲ್ಲಿಟ್ಟು ಒಳಗೆ ಹೋದರು. ಉತ್ಪಾದನೆಯ ಕಟ್ಟಡದೊಳಗೆ ಮೊಬೈಲ್ ನಿಷಿದ್ಧ.

ಸಂಜೆ ನಾಲ್ಕರ ಹೊತ್ತಿಗೆ ಗೇಟಿನ ಕಾವಲುಗಾರ ನನ್ನನ್ನು ಕರೆಸಿದ. ಗೇಟಿನ ಹೊರಗೆ ಒಬ್ಬ ಹೆಂಗಸು ನೆಲದ ಮೇಲೆ ಕೂತು ಎದೆ ಬಡಿದುಕೊಳ್ಳುತ್ತಿದ್ದಳು. ಜೊತೆಗೆ ಅವಳ ಅಣ್ಣ, ಇನ್ನಿಬ್ಬರು. ಕಾವಲುಗಾರನಿಗೆ ಅವರ ಮಾತು ತಿಳಿಯದು, ಅವರಿಗೆ ಅವನ ತೆಲುಗು ಕೇಳುವ ಸ್ಥಿತಿಯಿಲ್ಲ. ನನ್ನ ಕನ್ನಡ ಕಿವಿಗೆ ಬಿದ್ದದ್ದೇ ಅಣ್ಣ ಫೋನನ್ನು ನನ್ನ ಮೂಗಿಗೆ ಹಿಡಿದ. "ಹೆಣ ಎಲ್ಲಿಟ್ಟೀರಿ? ತೋರಸ್ರಿ!" ತೆರೆಯ ಮೇಲೆ ಕಾಕಾನ ಸ್ಟೇಟಸ್: ಗ್ರೈಂಡರ್, ಅದರ ಹಿಂದೆ ಕಪ್ಪು ಫ್ರೇಮು, ಹಾರ, ಊದಿನಕಡ್ಡಿಯ ಹೊಗೆ. ಆಗಷ್ಟೇ ನಾನೂ ಅದನ್ನು ನೋಡಿದೆ.

ವೆಲ್ಡರನನ್ನು ಹೊರಗೆ ಕರೆಸಿದೆ. ತಲೆಗೆ ಟೋಪಿ, ಮುಖಕ್ಕೆ ಮಾಸ್ಕು, ಮೈತುಂಬ ಬಿಳಿ ನಿಲುವಂಗಿ, ಕಾಲಿಗೆ ಬಿಳಿ ಚೀಲ. ಅವಳು ಅವನನ್ನು ನೋಡಿ ಇನ್ನೂ ಜೋರಾಗಿ ಕಿರುಚಿದಳು. ಅವನು ಮಾಸ್ಕು ಇಳಿಸಿದ. ಅವಳು ಎದ್ದುಬಂದು ಅವನ ತೋಳನ್ನು ಹಿಂಡಿದಳು, ಕೆನ್ನೆ ಮುಟ್ಟಿದಳು, ಆಮೇಲೆ ಬೆನ್ನಿಗೆ ಒಂದು ಗುದ್ದು ಹಾಕಿದಳು.

"ಫೋನ್ ಯಾಕ ಎತ್ತಲಿಲ್ರಿ? ಬಸ್ಸಿನ್ಯಾಗ ಕುಂತು ಅತ್ತು ಅತ್ತು ಸಾಕಾತು. ಬಳಿ ಒಡಕೊಳ್ಳೋದೊಂದು ಬಾಕಿ ಇತ್ತು ನೋಡ್ರಿ ನಂದು!"

ಅಣ್ಣ ನನ್ನ ಕಡೆ ತಿರುಗಿದ. "ಸಾಹೇಬ್ರ, ಮನಷ್ಯಾ ಜೀವ ಇದ್ದಾಗನ ಹಾರ ಹಾಕೋ ಪದ್ಧತಿ ಐತೇನ್ರಿ ನಿಮ್ಮ ಕಂಪನಿದಾಗ? ಮುಂಗಡ ಹಾಕಿ ಇಟ್ಟೀರೇನ್?"

ಅವಳು ಗಂಡನನ್ನು ಆ ಬಟ್ಟೆಯಲ್ಲೇ ಎಳೆದುಕೊಂಡು ಹೋಗುವುದರಲ್ಲಿದ್ದಳು. ಕಾಲಿನ ಚೀಲವನ್ನಾದರೂ ಬಿಚ್ಚಲಿ ಎಂದು ಕಾವಲುಗಾರ ತಡೆದ. ಅಂದು ಸಂಜೆಯ ಬಸ್ಸಿಗೆ ಉಳಿದವರೂ ಹೋದರು. ಬೇಗಂಪೇಟೆಯಿಂದ ನನಗೆ ಸಂದೇಶ ಬಂತು: ಪೂಜೆಯ ಫೋಟೋಗಳು ಬಹಳ ಚೆನ್ನಾಗಿವೆ.

ಹಬ್ಬ ಮುಗಿದ ಮೇಲೆ ಒಬ್ಬೊಬ್ಬರಾಗಿ ಮರಳಿದರು. ಕೊನೆಗೆ ಫಿಟ್ಟರ್ ಕಾಕಾ ಭಾಲ್ಕಿಗೇ ಹೋಗಿ ವೆಲ್ಡರನನ್ನು ಕರೆತಂದ. ಅವನ ಕೊರಳಲ್ಲಿ ಹೊಸ ಕರಿದಾರ, ಜೇಬಿನಲ್ಲಿ ನಿಂಬೆಹಣ್ಣು. ಅವನು ನನ್ನ ಕೈಯಲ್ಲಿ ಬನ್ನಿ ಎಲೆ ಇಟ್ಟು, "ಬಂಗಾರದಂಗ ಇರೂಣ್ರಿ ಸರ" ಎಂದ. ಹಬ್ಬದ ಮಾತು. ಮುಖದಲ್ಲಿ ಹಬ್ಬವಿರಲಿಲ್ಲ. ಗೋಡೆಯ ಫೋಟೋವನ್ನು ನಾನು ಅಷ್ಟರಲ್ಲಿ ತೆಗೆದು ಬೀರುವಿನ ಹಿಂದೆ ಸೇರಿಸಿದ್ದೆ. ಅವನು ಖಾಲಿ ಮೊಳೆಯನ್ನು ನೋಡಿದ.

ಉಳಿದಿದ್ದದ್ದು ಲೈನಿನ ಕೊನೆಯ ಭಾಗ, ಅತ್ಯಂತ ಕಷ್ಟದ್ದು. ಚಾವಣಿಯ ಮೇಲಿನ ಇಕ್ಕಟ್ಟಿನಲ್ಲಿ, ಹಲಗೆಯ ಮೇಲೆ ಮಗ್ಗುಲಾಗಿ ಮಲಗಿ, ಪೈಪಿನ ಸುತ್ತ ಕೈ ಹಾಯಿಸಿ ವೆಲ್ಡ್ ಮಾಡಬೇಕು. ಕೈ ಒಮ್ಮೆ ಅಲುಗಿದರೆ ಕಾವು ಒಂದೇ ಕಡೆ ಬಿದ್ದು ಒಳಮೈ ಸುಡುತ್ತದೆ. ಮೊದಲ ಜಾಯಿಂಟ್ ಮಾಡಿದ, ಕ್ಯಾಮೆರಾ ತೂರಿಸಿದರು, ಒಳಗೆ ಕಪ್ಪು. ಕತ್ತರಿಸಿ ಮತ್ತೆ ಮಾಡಿದ, ಮತ್ತೆ ಕಪ್ಪು. ನಾನು ಗ್ಯಾಸಿನ ಮೇಲೆ ಗುಮಾನಿಪಟ್ಟು ಸಿಲಿಂಡರ್ ಬದಲಿಸಿದೆ, ಕೊಳವೆ ಬದಲಿಸಿದೆ, ಪೈಪಿನ ಬಾಯಿಗೆ ಹೊಸ ಬಿರಡೆ ಹಾಕಿಸಿದೆ. ಫಲ ಅದೇ. ಗುಣಮಟ್ಟದವನ ಕೆಂಪು ಮಾರ್ಕರು ಸಂಭ್ರಮದಲ್ಲಿತ್ತು.

ವೆಲ್ಡರ್ ಕೆಳಗಿಳಿದು ನನ್ನ ಹತ್ತಿರ ಬಂದ. "ಗ್ಯಾಸಿಂದು ತಪ್ಪಿಲ್ರಿ ಸರ. ಮಾರಿಗೆ ಶೀಲ್ಡ್ ಹಾಕ್ಕೊಂಡ ಕೂಡ್ಲೆ ಕತ್ತಲಾಗತೈತಲ್ರಿ? ಆ ಕತ್ತಲದಾಗ ಆ ಫೋಟೋ ಬಂದು ನಿಂದರತೈತಿ. ಕೈ ತಾನ ನಡಗತೈತಿ."

"ರಜೆ ಬೇಕಾ?"

"ಮನಿಗ್ಹೋದ್ರ ಮತ್ತ ಬರೂದಿಲ್ರಿ ನಾ. ಈಗ ಹೇಳ್ತೀನಿ."

ಅವನು ಹೋದರೆ ಉಳಿದವರೂ ಬಸ್ಸು ಹತ್ತುತ್ತಾರೆ ಎಂಬುದನ್ನು ಫಿಟ್ಟರ್ ಕಾಕಾ ಮುಚ್ಚಿಡಲಿಲ್ಲ. "ಅಂವ ಹೋದ ಮ್ಯಾಲ ನಾವು ಇಲ್ಲಿ ಪೈಪ್ ಕಾಯ್ಕೋತ ಕೂಡೂದೇನ್ರಿ, ದೀಪಾವಳಿ ತನಕ?"

ವಿಷಯವನ್ನು ಬೇಗಂಪೇಟೆಗೆ ತಿಳಿಸಿದೆ. ತಿಳಿಸಬಾರದಿತ್ತು. ಮೇಡಂ ಸ್ವತಃ ಬಂದರು, ಜೊತೆಗೊಬ್ಬ ಪ್ರೇರಣಾ ತರಬೇತುದಾರನನ್ನೂ ತಂದರು. ಅವನ ಕೈಯಲ್ಲಿ ಬಣ್ಣದ ಬಲೂನುಗಳು. ಪ್ರತಿಯೊಬ್ಬನೂ ತನ್ನ ಭಯವನ್ನು ಬಲೂನಿನ ಮೇಲೆ ಬರೆದು ಸೂಜಿಯಿಂದ ಒಡೆಯಬೇಕು, ಭಯ ಹೋಗುತ್ತದೆ. ಆದರೆ ಚೂಪಾದ ವಸ್ತು ಒಳಗೆ ಒಯ್ಯುವಂತಿಲ್ಲ ಎಂದು ಕಾವಲುಗಾರ ಸೂಜಿಗಳನ್ನು ಗೇಟಿನಲ್ಲೇ ಕಸಿದುಕೊಂಡಿದ್ದ. ಹೀಗಾಗಿ ನಮ್ಮ ಭಯಗಳು ಬರೆಯಲ್ಪಟ್ಟವು, ಒಡೆಯಲಿಲ್ಲ. ತರಬೇತುದಾರ ವೆಲ್ಡರನ ಬಲೂನು ನೋಡಿ, ಏನಿದು ಎಂದು ಹಿಂದಿಯಲ್ಲಿ ಕೇಳಿದ. "ಫೋಟೋ" ಎಂದ ವೆಲ್ಡರ್. ತರಬೇತುದಾರ ಕಣ್ಣು ಮುಚ್ಚಿ ತಲೆದೂಗಿದ. ಬಹಳ ಆಳವಾದ ಉತ್ತರವಂತೆ, ನಾವೆಲ್ಲರೂ ನಮ್ಮದೇ ಚಿತ್ರಕ್ಕೆ ಹೆದರುತ್ತೇವಂತೆ. ಹೊರಡುವ ಮುನ್ನ ಮೇಡಂ ನನ್ನನ್ನು ಪಕ್ಕಕ್ಕೆ ಕರೆದು, ಅವನಿಗೆ ಇನ್ನೂ ದೊಡ್ಡ ಫೋಟೋ ಮಾಡಿಸೋಣವೇ, ಈ ಸಲ ಬಂಗಾರದ ಬಣ್ಣದ ಫ್ರೇಮಿನಲ್ಲಿ, ಎಂದು ಕೇಳಿದರು. ಬಲೂನುಗಳನ್ನು ಹುಡುಗರು ಮಕ್ಕಳಿಗೆಂದು ಗಾಳಿ ಬಿಟ್ಟು ಮಡಚಿಟ್ಟುಕೊಂಡರು. ಇಡೀ ಕಾರ್ಯಕ್ರಮದಲ್ಲಿ ಬುದ್ಧಿವಂತಿಕೆಯ ಕೆಲಸ ಅದೊಂದೇ.

ಅಂದು ಸಂಜೆ ಗೇಟಿನೆದುರಿನ ಚಹಾದಂಗಡಿಯಲ್ಲಿ ನಿಂತಿದ್ದೆವು. ಬೀದರ್ ಬಸ್ಸು ಬರುವ ಹೊತ್ತು. ವೆಲ್ಡರನ ಬ್ಯಾಗು ಅವನ ಕಾಲ ಬಳಿ ಇತ್ತು. ತರಬೇತುದಾರನ ಮೇಲಿನ ಸಿಟ್ಟೋ ಏನೋ, ನಾನೂ ಉಪದೇಶಕ್ಕಿಳಿದೆ. ಫೋಟೋ ಎಂದರೆ ಕಾಗದ ಮತ್ತು ಬಣ್ಣ, ಹಾರವೆಂದರೆ ಚೆಂಡುಹೂವು ಮತ್ತು ದಾರ. ಇವೆಲ್ಲ ಸೇರಿಕೊಂಡರೂ ಒಂದು ಸೊಳ್ಳೆಯನ್ನು ಕೊಲ್ಲಲಾರವು, ಮನುಷ್ಯನನ್ನು ಹೇಗೆ ಕೊಲ್ಲುತ್ತವೆ ಎಂದೆ. ನನ್ನ ದನಿ ತರಬೇತುದಾರನ ದನಿಯಂತೆಯೇ ಕೇಳಿಸಿ ನನಗೇ ಅಸಹ್ಯವಾಯಿತು.

ವೆಲ್ಡರ್ ಪೂರ್ತಿ ಕೇಳಿಸಿಕೊಂಡ. "ಖರೇನ್ರಿ ಸರ. ಭಾಳ ಓದೀರಿ, ನಿಮಗ ಗೊತ್ತಿರತೈತಿ." ಚಹಾದ ಕೊನೆಯ ಗುಟುಕು ಕುಡಿದ. "ಹಂಗಾದ್ರ ನಿಮ್ಮದು ಹಾಕ್ರಿ."

"ಏನು?"

"ಫೋಟೋರಿ. ಆ ಮೊಳಿಗೆ. ಹಾರ ಹಾಕಿ. ಲೈನ್ ಮುಗಿಯೋತನಕ ಇರ್ಲಿ. ಕಾಗದ ಅಲ್ಲೇನ್ರಿ ಅದು?"

ಎಲ್ಲರೂ ನನ್ನನ್ನೇ ನೋಡತೊಡಗಿದರು. ಫಿಟ್ಟರ್ ಕಾಕಾ, "ದೊಡ್ಡ ಸೈಜಿಂದು ಹಾಕ್ರಿ ಸಾಹೇಬ್ರ. ಕಲಿತವ್ರಿಗೆ ಸಣ್ಣದು ಒಪ್ಪೂದಿಲ್ಲ" ಎಂದ.

ನಾನು ಕೂಡಲೇ "ಆಗಲಿ" ಎಂದೆ. ನನ್ನ ನೆನಪು ಹೀಗಿದೆ. ಫಿಟ್ಟರ್ ಕಾಕಾನ ಪ್ರಕಾರ ನಾನು "ನೋಡೋಣ" ಎಂದೆ, ಆಮೇಲೆ ಚಹಾದ ಕಪ್ಪು ಕೆಳಗಿಡಲು ಜಾಗ ಹುಡುಕುತ್ತ ಬಹಳ ಹೊತ್ತು ಕಳೆದೆ, ಅಷ್ಟರಲ್ಲಿ ಬಸ್ಸು ಬಂದು ಹೋಯಿತು. ಬಸ್ಸು ಹೋದದ್ದರಲ್ಲಿ ಇಬ್ಬರಿಗೂ ಭಿನ್ನಾಭಿಪ್ರಾಯವಿಲ್ಲ. ವೆಲ್ಡರ್ ಅದನ್ನು ಹತ್ತಲಿಲ್ಲ. ನಾನು ಮಾತು ಉಳಿಸಿಕೊಳ್ಳುತ್ತೇನೋ ಇಲ್ಲವೋ ನೋಡುವ ಕುತೂಹಲಕ್ಕೇ ಅವನು ಉಳಿದ ಎಂದು ಕಾಕಾ ಹೇಳುತ್ತಾನೆ.

ಮರುದಿನ ಪಟಾನ್‌ಚೆರು ಬಜಾರಿನ ಸ್ಟುಡಿಯೋಗೆ ಹೋಗಿ ನನ್ನ ಗುರುತಿನ ಚೀಟಿಯ ಫೋಟೋವನ್ನು ದೊಡ್ಡದು ಮಾಡಲು ಕೊಟ್ಟೆ. ಕಪ್ಪು ಫ್ರೇಮು ಎಂದೆ, ಗಂಧದ ಹಾರವೂ ಇರಲಿ ಎಂದೆ. ಅವನು ತಲೆಯೆತ್ತದೆ ಕೇಳಿದ: "ನೀಚೆ ತಾರೀಖ್ ಡಾಲ್ನಾ ಕ್ಯಾ ಸಾಬ್?" ಹುಟ್ಟಿದ್ದು, ಹೋದದ್ದು ಎರಡನ್ನೂ ಕೆಳಗೆ ಬರೆಯುವುದು ರೂಢಿ. ಬೇಡ ಎಂದೆ. ಆಗ ತಲೆಯೆತ್ತಿದ, ನನ್ನನ್ನು ನೋಡಿದ, ಫೋಟೋ ನೋಡಿದ, ರಸೀದಿ ಹರಿದು ಕೊಟ್ಟ. ಫೋಟೋವನ್ನು ಹುಡುಗರೇ ಮಾಡಿಸಿ ತಂದರು, ನಾನು ಸುಮ್ಮನೆ ತೆಗೆಯದೆ ಬಿಟ್ಟೆ ಅಷ್ಟೇ ಎನ್ನುವುದು ಕಾಕಾನ ವಾದ. ಆದರೆ ಸ್ಟುಡಿಯೋದವನ ಆ ಪ್ರಶ್ನೆ ಇನ್ನೂ ನನ್ನ ಕಿವಿಯಲ್ಲಿದೆ. ಆದ್ದರಿಂದ ಹೋದವನು ನಾನೇ ಇರಬೇಕು.

ಮೊಳೆಗೆ ಫೋಟೋ ತಗುಲಿಸಿದವನು ನಾನು. ಹಾರ ಹಾಕಿದವನು ವೆಲ್ಡರ್. ಹಾಕಿ ಎರಡು ಹೆಜ್ಜೆ ಹಿಂದೆ ಸರಿದು, ಫ್ರೇಮು ಸೊಟ್ಟಗಿದೆಯೇ ಎಂದು ವೆಲ್ಡರನ ಕಣ್ಣಿನಲ್ಲೇ ಅಳೆದ. ಕೋಣೆಯಲ್ಲಿ ಯಾರೂ ನಗಲಿಲ್ಲ. ಫಿಟ್ಟರ್ ಕಾಕಾ ಟೋಪಿ ತೆಗೆದು ಎದೆಗೆ ಹಿಡಿದುಕೊಂಡು ನಿಟ್ಟುಸಿರು ಬಿಟ್ಟ.

"ಏನ ಹೇಳ್ರಿ, ಮನಷ್ಯಾ ಛಲೋ ಇದ್ದ. ಸುಟ್ಟ ಜಾಯಿಂಟ್ ನೋಡಿದ್ರ ಬೈತಿದ್ದ ಖರೆ, ಆದ್ರ ಮನಸಿನ್ಯಾಗ ಏನೂ ಇಟ್ಟುಕೊಳ್ತಿರ್ಲಿಲ್ಲ."

"ತಲಿಯಾಗೂ ಏನೂ ಇಟ್ಟುಕೊಳ್ತಿರ್ಲಿಲ್ಲ" ಎಂದ ವೆಲ್ಡರ್.

ದಸರೆಯ ನಂತರ ಅವನ ಬಾಯಿಂದ ಬಂದ ಮೊದಲ ತಮಾಷೆ ಅದು. ತಗಡಿನ ಕೋಣೆ ಬಿದ್ದುಹೋಗುವಂತೆ ನಕ್ಕರು. ನಾನೂ ನಕ್ಕೆ, ಆದರೆ ಕಣ್ಣು ಮತ್ತೆ ಮತ್ತೆ ಗೋಡೆಗೆ ಹೋಗುತ್ತಿತ್ತು. ಅಲ್ಲಿದ್ದವನು ನನಗಿಂತ ಗಂಭೀರನಾಗಿ, ನನಗಿಂತ ಒಳ್ಳೆಯವನಾಗಿ ಕಾಣುತ್ತಿದ್ದ.

ಅಂದಿನಿಂದ ಅದೊಂದು ಪದ್ಧತಿಯಾಯಿತು. ಬೆಳಿಗ್ಗೆ ಕೆಲಸಕ್ಕೆ ಹೋಗುವ ಮುನ್ನ ಒಬ್ಬೊಬ್ಬನೂ ಫೋಟೋದ ಮುಂದೆ ನಿಂತು ನನ್ನ ಬಗ್ಗೆ ಭೂತಕಾಲದಲ್ಲಿ ಒಂದು ಮಾತು ಹೇಳಬೇಕು. ನಾನು ಅಲ್ಲೇ ಕೂತು ಕೇಳಬೇಕು, ಬಾಯಿ ಬಿಡುವಂತಿಲ್ಲ, ಸತ್ತವರು ಮಾತಾಡುವುದಿಲ್ಲ. "ಪಾಪ, ಚಾದಾಗ ಸಕ್ರಿ ಭಾಳ ಹಾಕ್ಕೋತಿದ್ದ." "ಬೇಗಂಪೇಟಿ ಫೋನ್ ಬಂದ್ರ ಎದ್ದು ನಿಂದರತಿದ್ದ ನೋಡ್ರಿ, ಬಡಪಾಯಿ." ಇದು ಸುಳ್ಳು. ಸುಳ್ಳೆಂದೇ ನನ್ನ ನೆನಪು.

ವೆಲ್ಡರ್ ಮತ್ತೆ ಚಾವಣಿ ಹತ್ತಿದ. ಜಾಯಿಂಟ್ ಮುಗಿಸಿದ. ಕ್ಯಾಮೆರಾ ಒಳಗೆ ಹೋಯಿತು. ಪರದೆಯ ಮೇಲೆ ತೆಳು ಒಣಹುಲ್ಲಿನ ಬಣ್ಣ, ಕಪ್ಪಿಲ್ಲ. ಗುಣಮಟ್ಟದವನು ಇನ್ನೊಮ್ಮೆ ತಿರುಗಿಸಿ ನೋಡಿದ, ಮಾರ್ಕರಿಗೆ ಮುಚ್ಚಳ ಹಾಕಿದ.

"ಈಗ ಶೀಲ್ಡಿನ ಕತ್ತಲಲ್ಲಿ ಏನು ಕಾಣುತ್ತದೆ?" ಎಂದು ವೆಲ್ಡರನನ್ನು ಕೇಳಿದೆ.

"ನೀವು ಕಾಣ್ತೀರಿ ಸರ. ನಗು ಬರತೈತಿ. ಆದ್ರ ಕೈ ನಡಗೂದಿಲ್ಲ."

ಅವನ ಕೈ ನಡುಗದಿದ್ದರೂ ಆ ದಿನಗಳಲ್ಲಿ ನನ್ನ ಕಾಲು ಹೆದರುತ್ತಿತ್ತು. ಹೆದ್ದಾರಿ ದಾಟುವಾಗ ಎರಡೂ ಕಡೆ ನೋಡಿ, ಮತ್ತೆ ನೋಡಿ, ಲಾರಿ ಇನ್ನೂ ಪಕ್ಕದ ಊರು ಮುತ್ತಂಗಿಯಲ್ಲಿರುವಾಗಲೇ ನಿಲ್ಲುತ್ತಿದ್ದೆ. ಏಣಿ ಹತ್ತುವಾಗ ಪ್ರತಿ ಮೆಟ್ಟಿಲನ್ನೂ ಅಲ್ಲಾಡಿಸಿ ನೋಡುತ್ತಿದ್ದೆ. ಒಮ್ಮೆ ವೆಲ್ಡರ್ ಇದನ್ನು ಕಂಡು, ಜೇಬಿನ ನಿಂಬೆಹಣ್ಣನ್ನು ನನ್ನ ಕೈಗಿಟ್ಟ. ಒಣಗಿ ಗಟ್ಟಿಯಾಗಿತ್ತು. ನಾನು ಅದನ್ನು ಎಸೆಯಲಿಲ್ಲ. ಸಂದೇಹವಾದದ ಬಗ್ಗೆ ನಾನು ಬಲ್ಲದ್ದು ಇಷ್ಟು: ಅದು ಬೇರೆಯವರ ಫೋಟೋದ ವಿಷಯದಲ್ಲಿ ಬಹಳ ಚೆನ್ನಾಗಿ ಕೆಲಸ ಮಾಡುತ್ತದೆ.

ಲೈನು ಕೂಡಿತು. ನೀರಿನ ಒತ್ತಡ ಕೊಟ್ಟು ನಿಲ್ಲಿಸಿದೆವು, ಮಾಪಕದ ಮುಳ್ಳು ಕದಲಲಿಲ್ಲ. ಆಸಿಡ್ಡಿನಿಂದ ಒಳಮೈ ತೊಳೆದೆವು, ಹೊರಬಂದ ನೀರು ಒಳಬಿಟ್ಟ ನೀರಿನಷ್ಟೇ ನಿರ್ಮಲವಾಗುವವರೆಗೆ ಹರಿಸಿದೆವು. ಆಮೇಲೆ ಪ್ರತಿದಿನ ಪ್ರತಿ ನಲ್ಲಿಯಿಂದ ನೀರಿನ ಮಾದರಿ, ಪ್ರಯೋಗಾಲಯದ ಕಾಯುವಿಕೆ. ಅದು ಬೇಸರದ ಕೆಲಸ, ಸಾಮಾನ್ಯವಾಗಿ ತಂಡ ಒಡೆಯುವುದೇ ಆಗ. ಯಾರೂ ಹೋಗಲಿಲ್ಲ. ಮಾದರಿಗಳು ಪಾಸಾದ ದಿನ ಎಲ್ಲರೂ ಒಟ್ಟಿಗೆ ಬೀದರ್ ಬಸ್ಸು ಹತ್ತಿದರು, ಈ ಸಲ ಕೈಬೀಸುತ್ತ.

ಮೇಡಂ ಇದನ್ನು ಕಚೇರಿಯ ಸಭೆಯಲ್ಲಿ ನಾಯಕತ್ವದ ಮಾದರಿ ಎಂದು ಪರದೆಯ ಮೇಲೆ ತೋರಿಸಿದರಂತೆ. ಬಲೂನುಗಳ ಚಿತ್ರವಿತ್ತಂತೆ. ಫೋಟೋದ ಪ್ರಸ್ತಾಪ ಇರಲಿಲ್ಲವಂತೆ.

ಸೈಟು ಬಿಡುವ ದಿನ ನಾನು ಆ ಫೋಟೋವನ್ನು ಗೋಡೆಯಿಂದ ತೆಗೆದೆ. ಇದು ನನಗೆ ಖಚಿತವಾಗಿ ನೆನಪಿದೆ. ಗೋಡೆಯ ಮೇಲೆ ಉಳಿದ ಚೌಕದ ಗುರುತೂ ನೆನಪಿದೆ.

ಮುಂದಿನ ಬೇಸಿಗೆಯಲ್ಲಿ ಪಂಪಿನ ಸಣ್ಣ ದೂರಿನ ಮೇಲೆ ಅದೇ ಕಾರ್ಖಾನೆಗೆ ಹೋಗಬೇಕಾಯಿತು. ನಮ್ಮ ತಗಡಿನ ಕೋಣೆ ಈಗ ಅವರ ಪಂಪು ನೋಡಿಕೊಳ್ಳುವವರ ಕೋಣೆಯಾಗಿತ್ತು. ಉತ್ಪಾದನೆಯ ಕಟ್ಟಡಕ್ಕೆ ಹೋಗಲೆಂದು ಟೋಪಿ, ಮಾಸ್ಕು, ನಿಲುವಂಗಿ ತೊಟ್ಟವನು ಮೊದಲು ಆ ಕೋಣೆಯೊಳಗೆ ಹೋದೆ. ಗಣಪತಿ, ಲಕ್ಷ್ಮಿ, ಸರಸ್ವತಿ, ನಾನು. ಗಂಧದ ಹಾರದ ಮೇಲೆ ಅಂದಿನ ಮಲ್ಲಿಗೆಯ ಮೊಳ. ಹೊಸ ಆಪರೇಟರ್ ಊದಿನಕಡ್ಡಿ ಹಚ್ಚುತ್ತಿದ್ದ.

ಯಾರದು ಎಂದು ಕೇಳಿದೆ.

"ಈ ಲೈನ್ ವೇಸಿನ ಇಂಜಿನಿಯರ್ ಸಾರ್. ಇಕ್ಕಡ್ನೇ ಪೋಯಿಂಡಂಟ" ಎಂದ. ಈ ಲೈನು ಹಾಕಿದ ಇಂಜಿನಿಯರ್, ಇಲ್ಲಿಯೇ ತೀರಿಕೊಂಡನಂತೆ. ಫೋಟೋ ಇರುವವರೆಗೆ ಲೈನು ಸೋರುವುದಿಲ್ಲ ಎಂದು ಹಿಂದಿನವರು ಹೇಳಿ ಹೋಗಿದ್ದಾರಂತೆ. "ಚಾಲಾ ಮಂಚೋಡಂಟ ಸಾರ್." ಬಹಳ ಒಳ್ಳೆಯವನಂತೆ.

"ಅಂಥ ಒಳ್ಳೆಯವನೇನೂ ಅಲ್ಲ" ಎಂದೆ, ನನಗೆ ಬರುವ ತೆಲುಗಿನಲ್ಲಿ.

ಅವನು ಕಡ್ಡಿಯನ್ನು ಸಿಕ್ಕಿಸಿ ನನ್ನತ್ತ ತಿರುಗಿದ. ಮುಖದಲ್ಲಿ ಸಿಟ್ಟಿತ್ತು.

"ಪೋಯಿನೋಳ್ಳನು ಅಟ್ಲ ಅನೊದ್ದು ಸಾರ್." ಹೋದವರ ಬಗ್ಗೆ ಹಾಗೆಲ್ಲ ಅನ್ನಬಾರದು.

ನಾನು ಮಾಸ್ಕು ಇಳಿಸಲಿಲ್ಲ. ತಪ್ಪಾಯಿತು ಎಂದೆ.